ಗ್ಯಾಲಕ್ಸಿಗಳ ಓಟ ನೋಡಿ ನ್ಯೂಟ್ರಿನೊ ತೂಕ ಹೇಳಬಹುದಾ?

ಪ್ರಶ್ನೆ: ನಾನು ಪದವಿ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ನ್ಯೂಟ್ರಿನೊ ಯಾವುದಕ್ಕೂ ತಾಗದ ಕಣ, ಭೂಮಿಯನ್ನೇ ತೂರಿಕೊಂಡು ಹೋಗುತ್ತದೆ ಎಂದು ಮಕ್ಕಳಿಗೆ ಹೇಳುತ್ತೇನೆ. ಈಚೆಗೆ ಗ್ಯಾಲಕ್ಸಿಗಳ ಚಲನೆ ನೋಡಿ ಅದರ ದ್ರವ್ಯರಾಶಿ ಅಳೆಯುತ್ತಾರೆ ಎಂದು ಓದಿದೆ. ಆನೆ ನಡಿಗೆ ನೋಡಿ ಅದರ ಬೆನ್ನ ಮೇಲಿನ ಇರುವೆಯ ತೂಕ ಹೇಳಿದ ಹಾಗಾಗಲಿಲ್ಲವಾ? ಪ್ರಯೋಗಶಾಲೆಯಲ್ಲೇ ಯಾಕೆ ತೂಗಬಾರದು? ಕೊನೆಗೆ ತೂಕ ಸಿಕ್ಕಿತಾ, ಇಲ್ಲವಾ? ನಮ್ಮ ವಿದ್ಯಾರ್ಥಿಗಳು ಇದರಲ್ಲಿ ಏನಾದರೂ ಮಾಡಿ ನೋಡಬಹುದಾ?

ಉತ್ತರ: ಮೇಡಂ, ಇರುವೆಯ ಹೋಲಿಕೆ ಚೆನ್ನಾಗಿದೆ. ಒಂದೇ ತಿದ್ದುಪಡಿ. ಆನೆಯ ಬೆನ್ನ ಮೇಲಿರುವುದು ಒಂದು ಇರುವೆಯಲ್ಲ, ಇರುವೆಗಳ ಗುಡ್ಡ.

ಬಿಗ್ ಬ್ಯಾಂಗ್ ಆಗಿ ಸುಮಾರು ಒಂದು ಸೆಕೆಂಡಿಗೆ ನ್ಯೂಟ್ರಿನೊಗಳು ಉಳಿದ ಕಣಗಳ ಸಹವಾಸ ಬಿಟ್ಟು ತಮ್ಮ ಪಾಡಿಗೆ ಹೊರಟವು. ಇವತ್ತಿಗೂ ಎಲ್ಲ ಕಡೆ ತುಂಬಿಕೊಂಡಿವೆ. ನ್ಯೂಟ್ರಿನೊಗಳಲ್ಲಿ ಮೂರು ಬಗೆ. ಮೂರೂ ಸೇರಿಸಿದರೆ ಪ್ರತಿ ಘನ ಸೆಂಟಿಮೀಟರಿಗೆ ಸುಮಾರು 336. ನಿಮ್ಮ ಕಾಫಿ ಲೋಟದೊಳಗೆ ಈಗ ಐವತ್ತು ಸಾವಿರದಷ್ಟಿವೆ. ಒಂದು ಘನ ಮೀಟರಿಗೆ 33 ಕೋಟಿ 60 ಲಕ್ಷ. ಪ್ರೋಟಾನ್ ಎಷ್ಟಿವೆ ಗೊತ್ತಾ? ಇಡೀ ವಿಶ್ವದ ಸರಾಸರಿ ತೆಗೆದರೆ ನಾಲ್ಕು ಘನ ಮೀಟರಿಗೆ ಒಂದು! ಇಷ್ಟು ಜನಸಂಖ್ಯೆ ಇದ್ದ ಮೇಲೆ ಒಂದೊಂದರ ತೂಕ ಎಷ್ಟೇ ಕಮ್ಮಿ ಇರಲಿ, ಕೂಡಿದಾಗ ಲೆಕ್ಕಕ್ಕೆ ಬರಲೇಬೇಕು.

ಬೋರ್ಡಿನ ಮೇಲೆ ಎರಡು ಸಾಲಿನಲ್ಲಿ ಮುಗಿಯುವ ಲೆಕ್ಕ ಇದು. ಮೂರೂ ಬಗೆಯ ದ್ರವ್ಯರಾಶಿ ಕೂಡಿದರೆ ಕನಿಷ್ಠ 0.06 ಎಲೆಕ್ಟ್ರಾನ್ ವೋಲ್ಟ್ ಇರಲೇಬೇಕು (ಕಣಗಳ ಶಕ್ತಿಯನ್ನೂ ದ್ರವ್ಯರಾಶಿಯನ್ನೂ ಹೇಳುವ ಅಳತೆ ಇದು). ಯಾಕೆ ಅಂತ ಆಮೇಲೆ ಹೇಳುತ್ತೇನೆ. ಒಂದು ಎಲೆಕ್ಟ್ರಾನಿನದು 5 ಲಕ್ಷ 11 ಸಾವಿರ, ಹೋಲಿಸಿ ನೋಡಿ. ಒಂದೊಂದು ಬಗೆಯೂ ಘನ ಸೆಂಟಿಮೀಟರಿಗೆ 112 ಇರುವುದರಿಂದ 112 ಗುಣಿಸು 0.06, ಅಂದರೆ 6.7. ಡಾರ್ಕ್ ಮ್ಯಾಟರನ್ನೂ, ಅಂದರೆ ಕಣ್ಣಿಗೆ ಕಾಣದೆ ಗುರುತ್ವದಿಂದ ಮಾತ್ರ ಗೊತ್ತಾಗುವ ದ್ರವ್ಯವನ್ನೂ, ಸೇರಿಸಿಕೊಂಡು ವಿಶ್ವದ ಎಲ್ಲ ದ್ರವ್ಯದ ಸರಾಸರಿ ಇದೇ ಅಳತೆಯಲ್ಲಿ ಸುಮಾರು 1,500. ಭಾಗಿಸಿದರೆ ಶೇ. 0.45 ಬರುತ್ತದೆ. ಇನ್ನೂರರಲ್ಲಿ ಒಂದು ಪಾಲು, ಅದಕ್ಕೂ ಚೂರು ಕಮ್ಮಿ.

ಈ ದಾರಿ ಹೊಸದಲ್ಲ. 1966ರಲ್ಲಿ ಸೋವಿಯತ್ ದೇಶದ ಗೆರ್ಶ್‌ಟೈನ್ ಮತ್ತು ಜೆಲ್ಡೊವಿಚ್ ಇಂಥದೇ ಲೆಕ್ಕ ಹಾಕಿದ್ದರು. 1972ರಲ್ಲಿ ರಾಮನಾಥ್ ಕೌಸಿಕ್ ಮತ್ತು ಜಾನ್ ಮ್ಯಾಕ್ಲೆಲಂಡ್ ಅದನ್ನು ಬಿಗಿ ಮಾಡಿದರು. ನ್ಯೂಟ್ರಿನೊ 8 ಎಲೆಕ್ಟ್ರಾನ್ ವೋಲ್ಟಿಗಿಂತ ಭಾರ ಇದ್ದರೆ ವಿಶ್ವದ ಹಿಗ್ಗುವಿಕೆಯೇ ಬೇರೆ ಥರ ಇರುತ್ತಿತ್ತು ಎಂದು ತೋರಿಸಿದರು. ಕೌಸಿಕ್ ಆಮೇಲೆ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನ ನಿರ್ದೇಶಕರಾಗಿದ್ದರು. ಅವರ ಹೆಸರು ಈ ಉತ್ತರದಲ್ಲಿ ಇನ್ನೊಮ್ಮೆ ಬರುತ್ತದೆ.

ಇನ್ನು 'ಯಾವುದಕ್ಕೂ ತಾಗದ ಕಣ' ಅನ್ನುವ ಮಾತು. ಮಕ್ಕಳಿಗೆ ಹಾಗೆ ಹೇಳುವಾಗ ಕೋಲಾರದ ಚಿನ್ನದ ಗಣಿಯನ್ನೂ ನೆನೆಸಿ. 1965ರಲ್ಲಿ ಚಾಂಪಿಯನ್ ರೀಫ್ ಗಣಿಯೊಳಗೆ, ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಗುರುತು ಸಿಕ್ಕಿತು. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್ ಸೇರಿ ಮಾಡಿದ ಪ್ರಯೋಗ ಅದು. ತಂಡದಲ್ಲಿದ್ದ ಬಿ.ವಿ. ಶ್ರೀಕಂಠನ್ ನಮ್ಮ ನಂಜನಗೂಡಿನವರು. ಅದೇ ವರ್ಷ ದಕ್ಷಿಣ ಆಫ್ರಿಕಾದ ಇನ್ನೊಂದು ಚಿನ್ನದ ಗಣಿಯಲ್ಲೂ ಇದೇ ಕಣ ಸಿಕ್ಕಿತು. ಅಂದರೆ ನ್ಯೂಟ್ರಿನೊ ತಾಗುತ್ತದೆ, ಅಪರೂಪಕ್ಕೆ.

ಆದರೆ ಹಿಡಿಯುವುದು ಬೇರೆ, ತೂಗುವುದು ಬೇರೆ.

ಪ್ರಯೋಗಶಾಲೆಯಲ್ಲಿ ತೂಗಲು ಪ್ರಯತ್ನ ನಡೆದೇ ಇದೆ. ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಕ್ಯಾಟ್ರಿನ್ ಅನ್ನುವ ಪ್ರಯೋಗವಿದೆ. ಟ್ರಿಟಿಯಂ (ಹೈಡ್ರೋಜನ್ನಿನ ಭಾರದ ರೂಪ) ಒಡೆದಾಗ ಒಂದು ಎಲೆಕ್ಟ್ರಾನ್, ಒಂದು ಆ್ಯಂಟಿನ್ಯೂಟ್ರಿನೊ (ಅಷ್ಟೇ ದ್ರವ್ಯರಾಶಿಯ, ನ್ಯೂಟ್ರಿನೊದ ಪ್ರತಿಕಣ) ಹೊರಬರುತ್ತವೆ. ಇಬ್ಬರೂ ಸುಮಾರು 18,600 ಎಲೆಕ್ಟ್ರಾನ್ ವೋಲ್ಟ್ ಶಕ್ತಿಯನ್ನು ಹಂಚಿಕೊಳ್ಳಬೇಕು. ಎಲೆಕ್ಟ್ರಾನ್ ಹೆಚ್ಚೆಂದರೆ ಎಷ್ಟು ಒಯ್ಯುತ್ತದೆ ಅಂತ ನೋಡಿ, ಬಾಕಿ ಉಳಿದದ್ದರಲ್ಲಿ ನ್ಯೂಟ್ರಿನೊದ ದ್ರವ್ಯರಾಶಿಯನ್ನು ಹುಡುಕುತ್ತಾರೆ. ಇದಕ್ಕೆ ಮಾಡಿಸಿದ 200 ಟನ್ನಿನ ಪಾತ್ರೆ ರಸ್ತೆಯಲ್ಲಿ ಹಿಡಿಸಲಿಲ್ಲ. ನೆಟ್ಟಗೆ ಬಂದಿದ್ದರೆ ಸುಮಾರು 400 ಕಿಲೋಮೀಟರ್ ದೂರ. 2006ರಲ್ಲಿ ಅದನ್ನು ಡ್ಯಾನ್ಯೂಬ್ ನದಿಗೆ ಇಳಿಸಿ, ಕಪ್ಪು ಸಮುದ್ರ, ಮೆಡಿಟರೇನಿಯನ್, ಅಟ್ಲಾಂಟಿಕ್ ಸುತ್ತಿಸಿ, ರೈನ್ ನದಿಯಲ್ಲಿ ಮೇಲಕ್ಕೆ ತಂದರು. ಎಂಟು ಸಾವಿರ ಕಿಲೋಮೀಟರಿಗೂ ಜಾಸ್ತಿ ಆಯಿತು. ಕೊನೆಗೆ ಊರೊಳಗೆ ಮನೆಗಳ ಸೂರಿಗೆ ತಾಗುತ್ತದೋ ಏನೋ ಅನ್ನುವ ಹಾಗೆ ಅದು ಬರುತ್ತಿರುವ ಫೋಟೋ ಮಕ್ಕಳಿಗೆ ತೋರಿಸಿ, ಖುಷಿಪಡುತ್ತಾರೆ. ಇಷ್ಟೆಲ್ಲ ಮಾಡಿ 2025ರಲ್ಲಿ ಅವರು ಹೇಳಿದ್ದು: 0.45 ಎಲೆಕ್ಟ್ರಾನ್ ವೋಲ್ಟಿಗಿಂತ ಕಮ್ಮಿ. ಮೂರೂ ಬಗೆಗೆ ಸೇರಿಸಿ ನೋಡಿದರೆ 1.35ರವರೆಗೂ ಜಾಗ ಉಳಿಯಿತು.

ಕನಿಷ್ಠ 0.06 ಅಂದೆನಲ್ಲ, ಅದು ಬಂದದ್ದು ಇನ್ನೊಂದು ಕಡೆಯಿಂದ. ನ್ಯೂಟ್ರಿನೊಗಳು ದಾರಿಯಲ್ಲೇ ಒಂದು ಬಗೆಯಿಂದ ಇನ್ನೊಂದಕ್ಕೆ ವೇಷ ಬದಲಿಸುತ್ತವೆ. ಇದನ್ನು ಜಪಾನಿನ ಸೂಪರ್ ಕಾಮಿಯೊಕಾಂಡೆ 1998ರಲ್ಲಿ, ಕೆನಡಾದ ಸಡ್‌ಬರಿ ಪ್ರಯೋಗ ಅದಾಗಿ ಮೂರ್ನಾಲ್ಕು ವರ್ಷದೊಳಗೆ ಖಚಿತ ಮಾಡಿದವು. 2015ರ ನೊಬೆಲ್ ಇದಕ್ಕೇ ಬಂತು. ವೇಷ ಬದಲಿಸಬೇಕಾದರೆ ದ್ರವ್ಯರಾಶಿ ಇರಬೇಕು, ಮೂರರದ್ದೂ ಬೇರೆ ಬೇರೆ ಇರಬೇಕು. ಆದರೆ ಈ ಪ್ರಯೋಗಗಳಿಗೆ ಸಿಗುವುದು ವ್ಯತ್ಯಾಸ ಮಾತ್ರ. ಮೂವರು ಅಣ್ಣತಮ್ಮಂದಿರಲ್ಲಿ ಯಾರು ಯಾರಿಗಿಂತ ಎಷ್ಟು ಎತ್ತರ ಅಂತ ಗೊತ್ತು, ಅವರು ನೆಲದ ಮೇಲೆ ನಿಂತಿದ್ದಾರೋ ಜಗಲಿ ಮೇಲೋ ಗೊತ್ತಿಲ್ಲ. ಎಲ್ಲಕ್ಕಿಂತ ಹಗುರದ್ದು ಸೊನ್ನೆ ಅಂತಲೇ ಇಟ್ಟುಕೊಂಡರೂ ಮೊತ್ತ 0.06. ಕ್ರಮ ತಲೆಕೆಳಗಾಗಿದ್ದು, ಇಬ್ಬರು ಎತ್ತರ ಒಬ್ಬ ಗಿಡ್ಡ ಆಗಿದ್ದರೆ 0.10. ಜಗಲಿಯ ಎತ್ತರ ಹೇಳಬೇಕಾದ್ದು ಆಕಾಶ.

ಈಗ ಗ್ಯಾಲಕ್ಸಿಗಳ ವಿಷಯಕ್ಕೆ ಬರೋಣ.

0.05 ಎಲೆಕ್ಟ್ರಾನ್ ವೋಲ್ಟಿನ ಒಂದು ನ್ಯೂಟ್ರಿನೊ ಇವತ್ತು ಸರಾಸರಿ ಸೆಕೆಂಡಿಗೆ 3,200 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ವಿಶ್ವ ಈಗಿನದರ ಹತ್ತನೇ ಒಂದು ಭಾಗ ಇದ್ದಾಗ ಇದರ ಹತ್ತು ಪಟ್ಟು ವೇಗ. ನಮ್ಮ ಹಾಲುಹಾದಿ ಗ್ಯಾಲಕ್ಸಿಯಿಂದ, ಸೂರ್ಯ ಇರುವ ಜಾಗದಿಂದ, ತಪ್ಪಿಸಿಕೊಳ್ಳಲು ಬೇಕಾದ್ದು ಬರೀ 550 ಚಿಲ್ಲರೆ. ಅಂದ ಮೇಲೆ ಇವು ಎಲ್ಲಿ ಸಿಕ್ಕಿಬೀಳುತ್ತವೆ? ಡಾರ್ಕ್ ಮ್ಯಾಟರ್ ನಿಧಾನಕ್ಕೆ ಒಂದೆಡೆ ಸೇರಿ ಗಂಟು ಕಟ್ಟುತ್ತದೆ, ಗಂಟಿನೊಳಗೆ ಗ್ಯಾಲಕ್ಸಿ ಹುಟ್ಟುತ್ತದೆ. ನ್ಯೂಟ್ರಿನೊ ಆ ಗಂಟನ್ನು ದಾಟಿಕೊಂಡು ಹೋಗಿಬಿಡುತ್ತದೆ.

ತೇರಿನ ಹಗ್ಗಕ್ಕೆ ಇನ್ನೂರು ಜನ ಕೈ ಹಾಕಿದ್ದಾರೆ ಎನ್ನಿ. ಅದರಲ್ಲೊಬ್ಬ ಸುಮ್ನೆ ಹಗ್ಗ ಹಿಡಿದು ನಡೆಯುತ್ತಾನೆ, ಎಳೆಯುವುದಿಲ್ಲ. ತಲೆ ಎಣಿಸಿದರೆ ಇನ್ನೂರು. ಎಳೆತ ನೂರಾ ತೊಂಬತ್ತೊಂಬತ್ತರದ್ದು. ನ್ಯೂಟ್ರಿನೊ ಆ ಮನುಷ್ಯ. ವಿಶ್ವ ಹಿಗ್ಗುವ ಲೆಕ್ಕದಲ್ಲಿ ಅದರ ತೂಕ ಸೇರುತ್ತದೆ, ಗಂಟು ಕಟ್ಟುವ ಕೆಲಸಕ್ಕೆ ಒದಗುವುದಿಲ್ಲ. ಹಾಗಾಗಿ ಗಂಟುಗಳು ಬೆಳೆಯುವುದು ಸ್ವಲ್ಪ ತಡ.

ಸ್ವಲ್ಪ ಅಂದರೆ ಎಷ್ಟು? ಇಲ್ಲಿ ಚಕ್ರಬಡ್ಡಿ ನಮ್ಮ ಸಹಾಯಕ್ಕೆ ಬರುತ್ತದೆ. ವಿಶ್ವ 2.7 ಪಟ್ಟು ಹಿಗ್ಗುವುದನ್ನು ಒಂದು ಕಂತು ಅಂದುಕೊಳ್ಳಿ. ಈ 2.7 ಗಣಿತದ e ಅಂತ ನಿಮಗೆ ಹೇಳಬೇಕಾಗಿಲ್ಲ. ಬೆಳಕಿನ ಕಾಲ ಮುಗಿದು ದ್ರವ್ಯದ ಕಾರುಬಾರು ಶುರುವಾದಾಗಿನಿಂದ ವಿಶ್ವ ಸುಮಾರು 3,400 ಪಟ್ಟು ಹಿಗ್ಗಿದೆ, ಅಂದರೆ ಎಂಟು ಕಂತು. ಪ್ರತಿ ಕಂತಿನಲ್ಲೂ ಬೆಳವಣಿಗೆಯ ದರ ನ್ಯೂಟ್ರಿನೊ ಪಾಲಿನ ಐದರಲ್ಲಿ ಮೂರರಷ್ಟು ಇಳಿಯುತ್ತದೆ. 0.45ಕ್ಕೆ 0.27. ಎಂಟು ಕಂತು ಕಟ್ಟುವ ಹೊತ್ತಿಗೆ ಗಂಟುಗಳು ಶೇ. 2ರಷ್ಟು ಸಪ್ಪೆ. ನಾವು ಸಾಮಾನ್ಯವಾಗಿ ಅಳೆಯುವುದು ಇದರ ವರ್ಗವನ್ನು, ಅದು ಶೇ. 4ರ ಆಸುಪಾಸು. ಇದು ಕೈಲೆಕ್ಕ. ಕಂಪ್ಯೂಟರಿನಲ್ಲಿ ಪೂರ್ತಿ ಮಾಡಿದರೂ ಉತ್ತರ ಇದರ ಹತ್ತಿರವೇ ನಿಲ್ಲುತ್ತದೆ. ಇನ್ನೂರರಲ್ಲಿ ಒಬ್ಬನ ಸೋಮಾರಿತನ ಕೊನೆಗೆ ಇಪ್ಪತ್ತೈದರಲ್ಲಿ ಒಂದಾಗಿ ಕಾಣುತ್ತದೆ. ಅದೂ ಎಲ್ಲ ಅಳತೆಯಲ್ಲೂ ಅಲ್ಲ. ಹತ್ತಾರು ಕೋಟಿ ಜ್ಯೋತಿರ್ವರ್ಷಕ್ಕಿಂತ ದೊಡ್ಡ ರಚನೆಗಳಲ್ಲಿ ನ್ಯೂಟ್ರಿನೊ ಕೂಡ ಆಚೆ ಓಡಿಹೋಗಲಾರದೆ ಎಳೆತಕ್ಕೆ ಸೇರಿಕೊಳ್ಳುತ್ತದೆ. ಚಿಕ್ಕ ಅಳತೆಯಲ್ಲಿ ಕೊರತೆ, ದೊಡ್ಡದರಲ್ಲಿ ಇಲ್ಲ. ನಾವು ಹುಡುಕುವ ಗುರುತು ಅದೇ.

ಹಾಗಾದರೆ ಗ್ಯಾಲಕ್ಸಿಗಳ ನಕ್ಷೆ ಮಾಡಿ ಗಂಟುಗಳನ್ನು ಎಣಿಸಿದರೆ ಸಾಕಲ್ವಾ, ವೇಗ ಯಾಕೆ ಬೇಕು? ಸಾಕಾಗುವುದಿಲ್ಲ. ಚಾಮುಂಡಿ ಬೆಟ್ಟದ ಮೇಲೆ ನಿಂತು ರಾತ್ರಿ ಮೈಸೂರಿನ ದೀಪ ಎಣಿಸಿ ಜನಸಂಖ್ಯೆ ಹೇಳಿ ಅಂದರೆ ಹೇಗಿರುತ್ತದೆ? ದೊಡ್ಡ ಬಂಗಲೆಯಲ್ಲಿ ಇಬ್ಬರೇ ಇದ್ದರೂ ಹತ್ತು ದೀಪ, ವಠಾರದಲ್ಲಿ ಹತ್ತು ಜನಕ್ಕೆ ಒಂದು. ಗ್ಯಾಲಕ್ಸಿಗಳೂ ಹಾಗೇ. ಕೆಲವು ಬಗೆಯವು ಡಾರ್ಕ್ ಮ್ಯಾಟರ್ ದಟ್ಟವಾಗಿರುವಲ್ಲಿ ಗುಂಪುಗೂಡುತ್ತವೆ, ಕೆಲವು ದೂರ ಉಳಿಯುತ್ತವೆ. ಇದನ್ನು ನಾವು ಬಯಸ್ ಅನ್ನುತ್ತೇವೆ. ಬಯಸ್ ಎಷ್ಟು ಅಂತ ನಿಖರವಾಗಿ ತಿಳಿಯದಿದ್ದರೆ ಶೇ. 4ರ ಕೊರತೆ ನ್ಯೂಟ್ರಿನೊದ್ದೋ ದೀಪದ ಲೆಕ್ಕದ್ದೋ ಹೇಳುವುದು ಕಷ್ಟ.

ವೇಗಕ್ಕೆ ಈ ತೊಂದರೆ ಕಮ್ಮಿ. ಬೀಳುವುದರಲ್ಲಿ ಬಡವ ಬಲ್ಲಿದ ಅನ್ನುವ ಭೇದವಿಲ್ಲ. ಮಿನುಗುವ ಗ್ಯಾಲಕ್ಸಿಯಾಗಲಿ ಮಂಕಾದದ್ದಾಗಲಿ, ಒಂದೇ ಜಾಗದಲ್ಲಿದ್ದರೆ ಒಂದೇ ಥರ ಬೀಳುತ್ತದೆ. ಕಾಣುವ ದ್ರವ್ಯ, ಕಾಣದ ದ್ರವ್ಯ ಎಲ್ಲವೂ ಸೇರಿ ಎಳೆದದ್ದರ ಪಾವತಿ ಅದು. ಈ ವಿಚಾರದಲ್ಲಿ ನಾನು ವೇಗದ ಪಕ್ಷ. ನಕ್ಷೆ ನೋಡಿ ಕೆಲಸ ಮಾಡುವ ಗೆಳೆಯರು ಇದಕ್ಕೆ ಜಗಳ ತೆಗೆಯುತ್ತಾರೆ, ಇರಲಿ.

1933ರಲ್ಲಿ ಫ್ರಿಟ್ಸ್ ಜ್ವಿಕಿ ಮಾಡಿದ್ದೂ ಇದನ್ನೇ. ಕೋಮಾ ಅನ್ನುವ ಗ್ಯಾಲಕ್ಸಿ ಸಮೂಹದಲ್ಲಿ ಗ್ಯಾಲಕ್ಸಿಗಳು ಸೆಕೆಂಡಿಗೆ ಸಾವಿರ ಕಿಲೋಮೀಟರ್ ಅಂದಾಜಿನಲ್ಲಿ ಅತ್ತಿತ್ತ ಓಡುತ್ತಿರುವುದನ್ನು ನೋಡಿ, ಇವನ್ನು ಹಿಡಿದಿಡಲು ಕಾಣುವ ನಕ್ಷತ್ರಗಳ ತೂಕ ಸಾಲುವುದೇ ಇಲ್ಲ ಅಂದರು. ಡಾರ್ಕ್ ಮ್ಯಾಟರಿನ ಕಥೆ ಅಲ್ಲಿಂದ. 1973ರಲ್ಲಿ ಅದೇ ಕೌಸಿಕ್ ಮತ್ತು ಮ್ಯಾಕ್ಲೆಲಂಡ್, ಕೋಮಾದಲ್ಲಿ ಕಾಣೆಯಾದ ತೂಕ ನ್ಯೂಟ್ರಿನೊಗಳದ್ದೇ ಇರಬಹುದಾ ಎಂದು ಕೇಳಿದರು. ಸೊಗಸಾದ ಊಹೆ. 80ರ ದಶಕದ ಕಂಪ್ಯೂಟರ್ ಲೆಕ್ಕಗಳು ಅದನ್ನು ಕೈಬಿಡುವಂತೆ ಮಾಡಿದವು. ಡಾರ್ಕ್ ಮ್ಯಾಟರ್ ಪೂರ್ತಿ ನ್ಯೂಟ್ರಿನೊ ಆಗಿದ್ದರೆ ಗ್ಯಾಲಕ್ಸಿಗಳು ಹುಟ್ಟುವುದಕ್ಕೇ ತುಂಬ ತಡವಾಗುತ್ತಿತ್ತು. ಆದರೂ ಗ್ಯಾಲಕ್ಸಿಗಳ ಓಟ ಮತ್ತು ನ್ಯೂಟ್ರಿನೊ ತೂಕ ಎರಡನ್ನೂ ಒಂದೇ ಪುಟದಲ್ಲಿ ಬರೆದ ಮೊದಲಿಗರಲ್ಲಿ ಅವರಿಬ್ಬರಿದ್ದಾರೆ.

ಕೋಮಾವನ್ನೇ ಇಟ್ಟುಕೊಂಡು ಕಷ್ಟ ಎಲ್ಲಿದೆ ನೋಡೋಣ. ಅದು ಸುಮಾರು 32 ಕೋಟಿ ಜ್ಯೋತಿರ್ವರ್ಷ ದೂರ. ವಿಶ್ವ ಹಿಗ್ಗುತ್ತಿರುವುದರಿಂದ ನಮ್ಮಿಂದ ಸೆಕೆಂಡಿಗೆ 7,000 ಕಿಲೋಮೀಟರ್ ವೇಗದಲ್ಲಿ ದೂರ ಸರಿಯುತ್ತಿದೆ. ಹೀಗೆ ದೂರ ಸರಿಯುವುದರ ಬೆಳಕಿನ ಗೆರೆಗಳು ಕೆಂಪಿನ ಕಡೆಗೆ ಸರಿಯುತ್ತವೆ, ಅದಕ್ಕೆ ರೆಡ್‌ಶಿಫ್ಟ್ ಅನ್ನುತ್ತಾರೆ. ಹೈಡ್ರೋಜನ್ನಿನ ಕೆಂಪು ಗೆರೆ ನಿಮ್ಮ ಲ್ಯಾಬಿನಲ್ಲಿ 656.3 ನ್ಯಾನೊಮೀಟರಿನಲ್ಲಿ ಕಾಣುತ್ತದೆ, ಕೋಮಾದ ಗ್ಯಾಲಕ್ಸಿಯಲ್ಲಿ 671.6ರ ಹತ್ತಿರ. ಈಗ ಆ ಗ್ಯಾಲಕ್ಸಿಗೆ ಹಿಗ್ಗುವಿಕೆ ಬಿಟ್ಟು ತನ್ನದೇ ಆದ 300 ಕಿಲೋಮೀಟರ್ ವೇಗವೂ ಇದ್ದರೆ ಗೆರೆ ಇನ್ನೂ 0.66 ನ್ಯಾನೊಮೀಟರ್ ಸರಿಯುತ್ತದೆ. ಸರಿದದ್ದನ್ನು ಓದುವುದು ಕಷ್ಟವೇ ಅಲ್ಲ. ಕಷ್ಟ ಇರುವುದು ಪಾಲು ಮಾಡುವುದರಲ್ಲಿ. 7,300 ಅಂತ ಬಂದರೆ ಅದರಲ್ಲಿ ಹಿಗ್ಗುವಿಕೆಯದೆಷ್ಟು, ಗ್ಯಾಲಕ್ಸಿಯ ಸ್ವಂತದ್ದೆಷ್ಟು? ಗೆರೆಯ ಮೇಲೆ ಹೆಸರು ಬರೆದಿರುವುದಿಲ್ಲ.

ನಮ್ಮ ಚಲನೆಯನ್ನೂ ಕಳೆಯಬೇಕು. ಭೂಮಿ ಸೂರ್ಯನ ಸುತ್ತ ಸೆಕೆಂಡಿಗೆ 30 ಕಿಲೋಮೀಟರ್ ಓಡುತ್ತದೆ. ಸೂರ್ಯ ವಿಶ್ವದ ಹಿನ್ನೆಲೆ ಬೆಳಕಿಗೆ (ಬಿಗ್ ಬ್ಯಾಂಗಿನಿಂದ ಉಳಿದು ಎಲ್ಲ ಕಡೆ ತುಂಬಿರುವ ಮಂದ ಬೆಳಕು) ಹೋಲಿಸಿದರೆ ಸಿಂಹ ರಾಶಿಯ ದಿಕ್ಕಿನಲ್ಲಿ 370. ವಿದ್ಯಾರ್ಥಿಯಾಗಿದ್ದಾಗ ನಾನು ಭೂಮಿಯ ವೇಗವನ್ನು ಕಳೆಯುವ ಬದಲು ಕೂಡಿಸಿ, ಒಂದಿಡೀ ರಾತ್ರಿಯ ರೋಹಿತಗಳಲ್ಲಿ 60 ಕಿಲೋಮೀಟರ್ ತಪ್ಪು ಇಟ್ಟುಕೊಂಡು ಎರಡು ವಾರ ಓಡಾಡಿದ್ದೆ. ಹೊಸದೇನೋ ಸಿಕ್ಕಿತು ಅನ್ನುವ ಹುಮ್ಮಸ್ಸು ಬೇರೆ! ಚಿಹ್ನೆ ನೋಡು ಅಂತ ಗುರುಗಳು ಒಂದೇ ಮಾತು ಹೇಳಿ ಚಹಾ ಕುಡಿಯಲು ಹೋದರು.

ಪಾಲು ಮಾಡುವುದಕ್ಕೆ ಎರಡು ದಾರಿಗಳಿವೆ. ಮೊದಲನೆಯದು ನೇರ. ಗ್ಯಾಲಕ್ಸಿಯ ದೂರವನ್ನು ಬೇರೆ ರೀತಿಯಲ್ಲಿ ಕಂಡುಹಿಡಿದರೆ ಹಿಗ್ಗುವಿಕೆಯ ಪಾಲು ಗೊತ್ತಾಗುತ್ತದೆ, ಉಳಿದದ್ದು ಸ್ವಂತ ವೇಗ. 1977ರಲ್ಲಿ ಟಲ್ಲಿ ಮತ್ತು ಫಿಶರ್, ಜೋರಾಗಿ ತಿರುಗುವ ಸುರುಳಿ ಗ್ಯಾಲಕ್ಸಿಗಳು ಜಾಸ್ತಿ ಪ್ರಕಾಶ ಬೀರುತ್ತವೆ ಎಂದು ತೋರಿಸಿದರು. ತಿರುಗುವ ವೇಗದಿಂದ ನಿಜವಾದ ಪ್ರಕಾಶ, ಅದರಿಂದ ದೂರ. ಆದರೆ ಹೀಗೆ ಸಿಗುವ ದೂರದಲ್ಲಿ ಶೇ. 20ರಷ್ಟು ತಪ್ಪು ಸಾಮಾನ್ಯ. 7,000ದ ಶೇ. 20 ಅಂದರೆ 1,400. ಹುಡುಕುತ್ತಿರುವ ವೇಗ 300. ಅದರಲ್ಲಿ ನ್ಯೂಟ್ರಿನೊದಿಂದ ಆಗುವ ಕೊರತೆ ಶೇ. 2, ಅಂದರೆ 6 ಕಿಲೋಮೀಟರ್. ಒಂದು ಗ್ಯಾಲಕ್ಸಿಯಿಂದ ಏನೂ ಆಗದು. ಎರಡು ಸಾವಿರ ಗ್ಯಾಲಕ್ಸಿಗಳ ಸರಾಸರಿ ತೆಗೆದರೆ ತಪ್ಪು 31ಕ್ಕೆ ಇಳಿಯುತ್ತದೆ. ಈಗ ಕಾಸ್ಮಿಕ್‌ಫ್ಲೋಸ್-4 ಅನ್ನುವ ಪಟ್ಟಿಯಲ್ಲಿ ಸುಮಾರು 56 ಸಾವಿರ ಗ್ಯಾಲಕ್ಸಿಗಳ ದೂರ ಇದೆ. ಹಾಗಂತ ಸುಮ್ನೆ ಭಾಗಿಸುತ್ತಾ ಹೋಗುವಂತಿಲ್ಲ. ಅಕ್ಕಪಕ್ಕದ ಗ್ಯಾಲಕ್ಸಿಗಳು ಒಟ್ಟಿಗೆ ಹರಿಯುತ್ತವೆ, ಒಂದೇ ಬಸ್ಸಿನಲ್ಲಿ ಕೂತವರ ವೇಗವನ್ನು ಬೇರೆ ಬೇರೆ ಕೇಳಿದ ಹಾಗೆ.

ಎರಡನೆಯದು ಬಳಸು ದಾರಿ. ಒಂದೊಂದರ ವೇಗ ಬೇಡ, ಇಡೀ ನಕ್ಷೆ ಹೇಗೆ ಸೊಟ್ಟಗಾಗಿದೆ ನೋಡೋಣ ಅನ್ನುವುದು. ಒಂದು ದೊಡ್ಡ ಗಂಟಿನ ಸುತ್ತ ಗ್ಯಾಲಕ್ಸಿಗಳು ಒಳಕ್ಕೆ ಬೀಳುತ್ತಿವೆ ಎನ್ನಿ. ನಮ್ಮ ಕಡೆ ಇರುವವು ಗಂಟಿನತ್ತ ಬೀಳುವಾಗ ನಮ್ಮಿಂದ ದೂರ ಹೋಗುತ್ತವೆ. ಅವುಗಳ ಗೆರೆ ಜಾಸ್ತಿ ಕೆಂಪಾಗಿ, ಇರುವುದಕ್ಕಿಂತ ದೂರ ಇದ್ದಂತೆ ಕಾಣುತ್ತವೆ. ಆಚೆ ಬದಿಯವು ನಮ್ಮ ಕಡೆಗೆ ಬೀಳುತ್ತವೆ, ಹತ್ತಿರ ಇದ್ದಂತೆ ಕಾಣುತ್ತವೆ. ಎರಡೂ ಸೇರಿ ನಕ್ಷೆಯಲ್ಲಿ ಆ ಗಂಟು ನಮ್ಮ ನೋಟದ ದಿಕ್ಕಿನಲ್ಲಿ ಚಪ್ಪಟೆ, ಚಪಾತಿ ಉಂಡೆಯನ್ನು ಅಂಗೈಯಲ್ಲಿ ಒತ್ತಿದ ಹಾಗೆ. ಒತ್ತಿದ್ದು ಜಾಸ್ತಿಯಾದಷ್ಟೂ ಬೀಳುವ ವೇಗ ಜಾಸ್ತಿ. ಈ ಲೆಕ್ಕವನ್ನು 1987ರಲ್ಲಿ ನಿಕ್ ಕೈಸರ್ ಬರೆದಿಟ್ಟರು. 2001ರಲ್ಲಿ ಆಸ್ಟ್ರೇಲಿಯಾದ ಸೈಡಿಂಗ್ ಸ್ಪ್ರಿಂಗ್‌ನ ದೂರದರ್ಶಕದಿಂದ ಮಾಡಿದ ಒಂದು ಲಕ್ಷ 41 ಸಾವಿರ ಗ್ಯಾಲಕ್ಸಿಗಳ ನಕ್ಷೆಯಲ್ಲಿ ಈ ಚಪ್ಪಟೆತನ ಕಣ್ಣಿಗೆ ಹೊಡೆಯುವಂತೆ ಕಂಡಿತು.

ಸಮೂಹದ ಒಳಗೆ ಹೋದರೆ ಕಥೆ ಉಲ್ಟಾ. ಅಲ್ಲಿ ಗ್ಯಾಲಕ್ಸಿಗಳು ಜೇನುಗೂಡು ಕೆದಕಿದಂತೆ ದಿಕ್ಕಾಪಾಲಾಗಿ ಓಡುತ್ತಿರುತ್ತವೆ. ಹಾಗಾಗಿ ದುಂಡಗಿನ ಸಮೂಹ ನಕ್ಷೆಯಲ್ಲಿ ನಮ್ಮತ್ತ ಚಾಚಿದ ಬೆರಳಿನಂತೆ ಕಾಣುತ್ತದೆ. 'ದೇವರ ಬೆರಳು' ಅಂತಲೇ ಹೆಸರು. ನ್ಯೂಟ್ರಿನೊ ಹುಡುಕುವವರಿಗೆ ಈ ಬೆರಳು ದೊಡ್ಡ ತಲೆನೋವು. ಕೊರತೆ ಚೆನ್ನಾಗಿ ಕಾಣುವುದು ಚಿಕ್ಕ ಅಳತೆಯಲ್ಲಿ, ಬೆರಳಿನ ಗದ್ದಲವೂ ಅಲ್ಲೇ.

ಹಿನ್ನೆಲೆ ಬೆಳಕನ್ನು ಬಳಸಿ ವೇಗ ಅಳೆಯುವ ಇನ್ನೊಂದು ಉಪಾಯವೂ ಇದೆ. ಓಡುತ್ತಿರುವ ಸಮೂಹದ ಬಿಸಿ ಅನಿಲ ತನ್ನ ಮೂಲಕ ಹಾಯುವ ಹಿನ್ನೆಲೆ ಬೆಳಕಿಗೆ ಸಣ್ಣ ತಳ್ಳು ಕೊಡುತ್ತದೆ. ಚಿಲಿ ದೇಶದ ಅಟಕಾಮಾ ದೂರದರ್ಶಕದ ದತ್ತಾಂಶದಲ್ಲಿ 2012ರಲ್ಲಿ ಇದು ಸಿಕ್ಕಿತು. ದೂರ ಹೆಚ್ಚಾದಂತೆ ತಪ್ಪು ಬೆಳೆಯುವುದಿಲ್ಲ ಅನ್ನುವುದು ಇದರ ಲಾಭ. ಅನಿಲ ಎಷ್ಟಿದೆ ಅಂತ ಮೊದಲೇ ಗೊತ್ತಿರಬೇಕು ಅನ್ನುವುದು ತೊಡಕು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಬೇರೆ. 2014ರಲ್ಲಿ ಕೆನಡಾ ಮತ್ತು ಚೀನಾದ ಕೆಲವರು ಸೇರಿ ಮುಂದಿಟ್ಟ ಯೋಚನೆ. ದೊಡ್ಡ ಗಂಟುಗಳ ಕಡೆಗೆ ಡಾರ್ಕ್ ಮ್ಯಾಟರೂ ಹರಿಯುತ್ತದೆ, ನ್ಯೂಟ್ರಿನೊಗಳೂ ಹರಿಯುತ್ತವೆ. ಆದರೆ ಒಟ್ಟು ಹರಿವಿನಲ್ಲಿ ನ್ಯೂಟ್ರಿನೊ ಹಿಂದೆ ಬೀಳುತ್ತದೆ. ಎರಡರ ನಡುವೆ ಸೆಕೆಂಡಿಗೆ ಕೆಲವು ನೂರು ಕಿಲೋಮೀಟರಿನ ವ್ಯತ್ಯಾಸ. ಅಂದರೆ ಗ್ಯಾಲಕ್ಸಿಯ ಮೇಲೆ ನಿಂತು ನೋಡಿದರೆ ಎದುರಿನಿಂದ ನ್ಯೂಟ್ರಿನೊ ಗಾಳಿ ಬೀಸುತ್ತಿದೆ. ಹೊಳೆ ನಡುವಿನ ಬಂಡೆಯ ಹಿಂದೆ ನೀರು ಸುತ್ತಿ ಸೇರಿಕೊಳ್ಳುವುದನ್ನು ನೋಡಿದ್ದೀರಲ್ಲ? ಹಾಗೆ ಗ್ಯಾಲಕ್ಸಿಯ ಗುರುತ್ವದಿಂದ ಬಾಗಿದ ನ್ಯೂಟ್ರಿನೊಗಳು ಅದರ ಬೆನ್ನ ಹಿಂದೆ ಒಂದು ಚೂರು ದಟ್ಟವಾಗುತ್ತವೆ. ಆ ದಟ್ಟಣೆ ಗ್ಯಾಲಕ್ಸಿಯನ್ನು ಹಿಂದಕ್ಕೆ ಜಗ್ಗುತ್ತದೆ. ನ್ಯೂಟ್ರಿನೊ ಭಾರ ಇದ್ದಷ್ಟೂ ಜಗ್ಗಾಟ ಜಾಸ್ತಿ.

ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಅನ್ನುವುದನ್ನು ಗ್ಯಾಲಕ್ಸಿಗಳ ನಕ್ಷೆಯಿಂದಲೇ ಲೆಕ್ಕ ಹಾಕಬಹುದು. ಆಮೇಲೆ ಹಿಂದೆ ಮುಂದೆ ತುಲನೆ ಮಾಡಿ, ಹಿಂದೆ ಜಾಸ್ತಿ ಇದೆಯಾ ಅಂತ ನೋಡುವುದು. ಬಯಸ್ ಇದ್ದರೂ ಹಿಂದೆಗೂ ಮುಂದೆಗೂ ಒಂದೇ ಥರ ಇರುತ್ತದೆ, ಅಲ್ವಾ? ಆದ್ದರಿಂದ ದೀಪ ಎಣಿಸುವ ಗೊಂದಲ ಬಹುಮಟ್ಟಿಗೆ ಕಳೆದುಹೋಗುತ್ತದೆ. ಇದನ್ನು ಇನ್ನೂ ಯಾರೂ ಆಕಾಶದಲ್ಲಿ ಹಿಡಿದಿಲ್ಲ. ಗುರುತು ಅಷ್ಟು ಸಣ್ಣದು. ಚೀನಾದ ಟಿಯಾನ್ಹೆ-2 ಸೂಪರ್ ಕಂಪ್ಯೂಟರಿನಲ್ಲಿ ಸುಮಾರು ಮೂರು ಲಕ್ಷ ಕೋಟಿ ಕಣಗಳನ್ನು ಬಿಟ್ಟು ನ್ಯೂಟ್ರಿನೊಗಳ ಹರಿವನ್ನು ಲೆಕ್ಕ ಮಾಡಿ ನೋಡಿದ್ದಾರೆ, ಅಷ್ಟೆ.

ಇನ್ನು ನಿಮ್ಮ ನೇರ ಪ್ರಶ್ನೆ. ತೂಕ ಸಿಕ್ಕಿತಾ?

ಇಲ್ಲ. ಸಿಕ್ಕಿರುವುದು ಮೇಲ್ಮಿತಿ. ನನ್ನ ಜೇಬಿನಲ್ಲಿ ಸಾವಿರ ರೂಪಾಯಿಗಿಂತ ಕಮ್ಮಿ ಇದೆ ಅನ್ನುವುದಕ್ಕೂ 640 ರೂಪಾಯಿ ಇದೆ ಅನ್ನುವುದಕ್ಕೂ ವ್ಯತ್ಯಾಸ ಇದೆ. ಸುದ್ದಿಗಳಲ್ಲಿ ಇದು ಎಷ್ಟೋ ಸಲ ಕಲಸಿಹೋಗುತ್ತದೆ. ಹಿನ್ನೆಲೆ ಬೆಳಕನ್ನು ಅಳೆದ ಪ್ಲಾಂಕ್ ಉಪಗ್ರಹದ ತಂಡ 2018ರಲ್ಲಿ ಮೂರರ ಮೊತ್ತ 0.12ಕ್ಕಿಂತ ಕಮ್ಮಿ ಅಂದಿತು. ಅರಿಜೋನಾದ ಕಿಟ್ ಪೀಕ್ ಬೆಟ್ಟದ ಮೇಲೆ ಡೆಸಿ ಅನ್ನುವ ಉಪಕರಣ 2021ರಿಂದ ಸಮೀಕ್ಷೆ ನಡೆಸುತ್ತಿದೆ. ಪೆನ್ಸಿಲಿನ ಹಾಗಿರುವ 5,000 ಪುಟ್ಟ ರೋಬೋಗಳು ಒಂದೊಂದು ಬೆಳಕಿನ ತಂತಿಯನ್ನು ಒಂದೊಂದು ಗ್ಯಾಲಕ್ಸಿಗೆ ಗುರಿಯಿಡುತ್ತವೆ. ಇಂಥದೇ ಗ್ಯಾಲಕ್ಸಿ ನಕ್ಷೆ ಮಾಡಿದ ಹಿಂದಿನ ಸ್ಲೋನ್ ಸಮೀಕ್ಷೆಯಲ್ಲಿ ಅಲ್ಯೂಮಿನಿಯಂ ತಟ್ಟೆಗೆ ತೂತು ಕೊರೆದು, ತಂತಿಗಳನ್ನು ಕೈಯಲ್ಲೇ ಸಿಕ್ಕಿಸುತ್ತಿದ್ದರು. ಡೆಸಿ ಮೂರು ವರ್ಷದಲ್ಲಿ ಒಂದು ಕೋಟಿ 40 ಲಕ್ಷಕ್ಕೂ ಹೆಚ್ಚು ಗ್ಯಾಲಕ್ಸಿಗಳನ್ನು, ಕ್ವೇಸಾರ್‌ಗಳನ್ನು (ತುಂಬ ಪ್ರಕಾಶಮಾನವಾದ ಗ್ಯಾಲಕ್ಸಿ ಕೇಂದ್ರಗಳು) ಅಳೆಯಿತು. 2025ರ ಮಾರ್ಚಿನಲ್ಲಿ ಅವರ ಸಂಖ್ಯೆ ಬಂತು. ಹಿನ್ನೆಲೆ ಬೆಳಕಿನ ಜೊತೆ ಸೇರಿಸಿದರೆ 0.064ಕ್ಕಿಂತ ಕಮ್ಮಿ, ಶೇ. 95 ಭರವಸೆಯೊಂದಿಗೆ.

ಗಮನಿಸಿ, ಕೆಳಮಿತಿ 0.06. ಮೇಲ್ಮಿತಿ 0.064. ಚಾವಣಿ ತಲೆಗೆ ತಾಗುತ್ತಿದೆ! ಲೆಕ್ಕದಲ್ಲಿ ಋಣ ಸಂಖ್ಯೆಗೂ ಜಾಗ ಕೊಟ್ಟರೆ, ದತ್ತಾಂಶ ಸೊನ್ನೆಯ ಕೆಳಗೇ ಹೋಗಿ ಕೂರುತ್ತದೆ. ಋಣ ದ್ರವ್ಯರಾಶಿಯ ನ್ಯೂಟ್ರಿನೊ ಅಂತ ಇರುವುದಿಲ್ಲ. ಎಲ್ಲೋ ನಮ್ಮ ಊಹೆಯೊಂದು ತಪ್ಪಿದೆ ಅಂತ ಅರ್ಥ. ಯಾವುದು? ವಿಶ್ವದ ಹಿಗ್ಗುವಿಕೆಯನ್ನು ಚುರುಕುಗೊಳಿಸುವ ಡಾರ್ಕ್ ಎನರ್ಜಿ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ ಎಂದು ಒಪ್ಪಿಕೊಂಡರೆ ಅದೇ ದತ್ತಾಂಶದ ಮಿತಿ 0.16ಕ್ಕೆ ಸಡಿಲವಾಗುತ್ತದೆ. ಮೊದಲ ನಕ್ಷತ್ರಗಳ ಕಾಲದಲ್ಲಿ ಹಿನ್ನೆಲೆ ಬೆಳಕು ಎಷ್ಟು ಚದುರಿತು ಅನ್ನುವ ಅಂದಾಜು ಸ್ವಲ್ಪ ಏರಿದರೂ ಬಿಗಿ ಕಮ್ಮಿಯಾಗುತ್ತದೆ. ನನ್ನ ಅನುಮಾನ ಇವೆರಡರ ಮೇಲೆಯೇ, ನ್ಯೂಟ್ರಿನೊ ಮೇಲಲ್ಲ.

ಇನ್ನೊಂದು ವಿಷಯ ಪ್ರಾಮಾಣಿಕವಾಗಿ ಹೇಳಬೇಕು. ಈ 0.064ರಲ್ಲಿ ಗ್ಯಾಲಕ್ಸಿಗಳ ಸ್ವಂತ ವೇಗದ ಪಾತ್ರವಿಲ್ಲ. ಅದು ವಿಶ್ವ ಹಿಗ್ಗಿದ ಇತಿಹಾಸ ಮತ್ತು ಹಿನ್ನೆಲೆ ಬೆಳಕಿನಿಂದ ಬಂದದ್ದು. ತೇರಿನ ಮಾತಿನಲ್ಲಿ ಹೇಳುವುದಾದರೆ ತಲೆ ಎಣಿಕೆಯ ಕಡೆಯ ಲೆಕ್ಕ, ಎಳೆತದ ಕಡೆಯದಲ್ಲ. ಅದಕ್ಕೇ ವೇಗದ ಅಳತೆ ಬೇಕಾಗಿರುವುದು. ಅದರ ತಪ್ಪುಗಳೇ ಬೇರೆ, ಇದರ ತಪ್ಪುಗಳೇ ಬೇರೆ. ಎರಡೂ ಒಂದೇ ಸಂಖ್ಯೆ ಹೇಳಿದ ದಿನ ನಾನು ನಂಬುತ್ತೇನೆ. ಚೀನಾದ ಗ್ವಾಂಗ್‌ಡಾಂಗ್‌ನಲ್ಲಿ ನೆಲದಡಿ 20,000 ಟನ್ ದ್ರವ ತುಂಬಿದ ಜೂನೊ ಪ್ರಯೋಗ 2025ರಲ್ಲಿ ಕೆಲಸ ಶುರು ಮಾಡಿದೆ. ಅಣ್ಣತಮ್ಮಂದಿರಲ್ಲಿ ಇಬ್ಬರು ಎತ್ತರವೋ ಒಬ್ಬನೋ ಅನ್ನುವುದನ್ನು ಅದು ಹೇಳಬೇಕು. ಕ್ರಮ ತಲೆಕೆಳಗು ಅಂತ ಬಂದರೆ ಕನಿಷ್ಠ 0.10 ಆಗುತ್ತದೆ, 0.064 ಹೇಳಿದವರು ತಮ್ಮ ಊಹೆಗಳನ್ನು ಮತ್ತೆ ತೆರೆದು ನೋಡಬೇಕಾಗುತ್ತದೆ.

ವಿದ್ಯಾರ್ಥಿಗಳಿಗೆ ಕೆಲಸ ಕೇಳಿದ್ದೀರಿ. ನ್ಯೂಟ್ರಿನೊ ಗುರುತು ಕಾಲೇಜಿನ ಕಂಪ್ಯೂಟರಿನಲ್ಲಿ ಸಿಗುವುದಿಲ್ಲ, ಆದರೆ ದೇವರ ಬೆರಳನ್ನು ಒಂದು ಮಧ್ಯಾಹ್ನದಲ್ಲಿ ಬಿಡಿಸಬಹುದು. ಸ್ಲೋನ್ ಸಮೀಕ್ಷೆಯ ದತ್ತಾಂಶ ಎಲ್ಲರಿಗೂ ಉಚಿತ. ಆಕಾಶದ ನಕ್ಷೆಯಲ್ಲಿ ಕೋಮಾದ ಕೇಂದ್ರ ವಿಷುವದಂಶ (ರೈಟ್ ಅಸೆನ್ಷನ್) 195 ಡಿಗ್ರಿ, ಘಂಟಾವೃತ್ತಾಂಶ (ಡೆಕ್ಲಿನೇಷನ್) 28 ಡಿಗ್ರಿ ಉತ್ತರ. ಏಪ್ರಿಲ್ ರಾತ್ರಿಯಲ್ಲಿ ಸ್ವಾತಿ ಮತ್ತು ಉತ್ತರೆ ನಕ್ಷತ್ರಗಳ ನಡುವೆ, ಸ್ವಲ್ಪ ಉತ್ತರಕ್ಕೆ ಬರುವ ಜಾಗ ಅದು. ಕೇಂದ್ರದಿಂದ ಎರಡು ಡಿಗ್ರಿ ಒಳಗೆ, ರೆಡ್‌ಶಿಫ್ಟ್ 0.010ರಿಂದ 0.040ರ ನಡುವಿನ ಗ್ಯಾಲಕ್ಸಿಗಳ ಪಟ್ಟಿ ಇಳಿಸಿಕೊಳ್ಳಲಿ. ಗ್ರಾಫ್ ಹಾಳೆಯ ಕೆಳತುದಿಯಲ್ಲಿ ನಾವಿದ್ದೇವೆ ಅಂದುಕೊಂಡು, ಅಡ್ಡಕ್ಕೆ ಆಕಾಶದಲ್ಲಿನ ಸ್ಥಾನ, ಉದ್ದಕ್ಕೆ ರೆಡ್‌ಶಿಫ್ಟ್ ಗುರುತು ಹಾಕಲಿ. ಚುಕ್ಕೆಗಳು 0.023ರ ಸುತ್ತ ಉದ್ದಕ್ಕೆ ಸಾಲುಗಟ್ಟಿ ನಿಲ್ಲುತ್ತವೆ. ಸಾಲಿನ ತುದಿಯಿಂದ ತುದಿಗೆ ಸುಮಾರು 4,000 ಕಿಲೋಮೀಟರ್ ವೇಗದ ಅಂತರ ಬಂದರೆ, ಅದನ್ನು ದೂರ ಎಂದು ತಿಳಿದರೆ 18 ಕೋಟಿ ಜ್ಯೋತಿರ್ವರ್ಷದ ಬೆರಳು. ಅದೇ ಸಮೂಹ ಅಡ್ಡಕ್ಕೆ ಎಷ್ಟು ಅಗಲ ಅಂತ ಅವರೇ ಅಳೆಯಲಿ, ಎರಡು ಡಿಗ್ರಿಗೆ ಒಂದು ಕೋಟಿ ಜ್ಯೋತಿರ್ವರ್ಷ ಚಿಲ್ಲರೆ ಬರುತ್ತದೆ. ಯಾಕೆ ಈ ಪಾಟಿ ವ್ಯತ್ಯಾಸ ಅಂತ ಯಾರಾದರೂ ಕೇಳಿದರೆ, ಜ್ವಿಕಿ ಕೇಳಿದ್ದೂ ಅದನ್ನೇ ಅಂತ ಹೇಳಿ.